ಘಾಟಿ ಮುಚ್ಚಿದಾಗ ಕಲಿತ ಪಾಠ: ಕೊರೊನಾ ನಂತರದ ಉದ್ಯಮ ಸಂಶೋಧನೆ ಮತ್ತು ನಮ್ಮ ತಾಳವಾಡಿ



2020ರ ಏಪ್ರಿಲ್ ತಿಂಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ತಾಳವಾಡಿ ಬೆಟ್ಟದ ಹೊಲಗಳಲ್ಲಿ ಎಲೆಕೋಸು ಕಟಾವಿಗೆ ಬಂದು ನಿಂತಿತ್ತು. ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಿತ್ತು. ತರಕಾರಿ ಸಾಗಿಸಲು ವಿನಾಯಿತಿ ಇದೆ ಎಂದು ಆದೇಶ ಹೇಳುತ್ತಿತ್ತು. ಆದರೆ ಹೋಟೆಲು, ಛತ್ರ, ಹಾಸ್ಟೆಲು ಎಲ್ಲ ಬಂದ್ ಆದ ಮೇಲೆ ಕೊಳ್ಳುವವರು ಯಾರು? ಆಗ ಈ ಗಡಿಭಾಗದ ರೈತ ಮುಖಂಡರೊಬ್ಬರು ತಮ್ಮ ಎಲೆಕೋಸಿನ ಹೊಲದಲ್ಲೇ ನಿಂತು ಮೊಬೈಲಿನಲ್ಲಿ ವಿಡಿಯೊ ಮಾಡಿ ಟ್ವಿಟರ್‌ಗೆ ಹಾಕಿದರು. ಬೆಳೆ ಇದೆ, ಕೊಳ್ಳುವವರಿದ್ದರೆ ಬನ್ನಿ ಎಂಬುದಷ್ಟೇ ಅದರ ಸಾರಾಂಶ. ಆ ವಿಡಿಯೊ ಊರೂರು ಸುತ್ತಿತು. ಬೆಂಗಳೂರಿನ ಸಂಸದರೊಬ್ಬರು ಬೆಳೆಯನ್ನು ಕೊಂಡು ಅಲ್ಲಿನ ಮನೆಗಳಿಗೆ ಹಂಚಿಸಿದರು. ದೇಶ ವಿದೇಶದ ಪತ್ರಿಕೆಗಳಲ್ಲೂ ಸುದ್ದಿ ಬಂತು.

ಸುದ್ದಿ ಓದಿ ನಾವೆಲ್ಲ ಸಂತೋಷಪಟ್ಟೆವು. ಆದರೆ ಒಂದು ಪ್ರಶ್ನೆ ಅಂದಿನಿಂದ ಕಾಡುತ್ತಲೇ ಇದೆ. ಒಬ್ಬರ ಎಲೆಕೋಸು ಒಂದು ಸಲ ಹೀಗೆ ಮಾರಾಟವಾಯಿತು. ಪಕ್ಕದ ಹೊಲದವರದು? ಮುಂದಿನ ಫಸಲು? ಕಷ್ಟಕಾಲದಲ್ಲಿ ಹೊಳೆದ ಉಪಾಯ ಕಷ್ಟ ಕಳೆದ ಮೇಲೂ ಬದುಕಿಗೆ ಆಗುವಂತೆ ಮಾಡುವುದು ಹೇಗೆ? ಕೊರೊನಾ ನಂತರ ಜಗತ್ತಿನ ವಿಶ್ವವಿದ್ಯಾಲಯಗಳಲ್ಲಿ ನಾವೀನ್ಯ ಮತ್ತು ಉದ್ಯಮಶೀಲತೆಯ ಬಗ್ಗೆ ನಡೆದ ಅಧ್ಯಯನಗಳ ಬಹುಭಾಗ ಇದೇ ಪ್ರಶ್ನೆಯ ಸುತ್ತ ತಿರುಗುತ್ತದೆ. ಆ ಅಧ್ಯಯನಗಳು ಏನು ಹೇಳುತ್ತವೆ, ಅದರಲ್ಲಿ ಗಡಿಯ ಕನ್ನಡಿಗರಾದ ನಮಗೆ ಉಪಯೋಗಕ್ಕೆ ಬರುವುದೇನು ಎಂದು ಸರಳವಾಗಿ ತಿಳಿಸುವುದು ಈ ಲೇಖನದ ಉದ್ದೇಶ.

ನಮ್ಮ ಜಾಗದ ವಿಶೇಷ

ಹೊಸೂರು, ಕಾಸರಗೋಡು, ಅಕ್ಕಲಕೋಟೆ ಕಡೆಯ ಸದಸ್ಯರಿಗಾಗಿ ಮೊದಲು ಎರಡು ಮಾತು. ತಾಳವಾಡಿ ಈರೋಡು ಜಿಲ್ಲೆಗೆ ಸೇರಿದ ಕನ್ನಡ ನೆಲ. ವರನಟ ರಾಜ್‌ಕುಮಾರ್ ಅವರ ಗಾಜನೂರು ಇರುವುದು ಇಲ್ಲೇ. ಇಲ್ಲಿಂದ ಚಾಮರಾಜನಗರ ಮೂವತ್ತು ಕಿಲೋಮೀಟರಿನೊಳಗೆ ಸಿಗುತ್ತದೆ; ನಮ್ಮದೇ ಜಿಲ್ಲಾ ಕೇಂದ್ರವಾದ ಈರೋಡು ನೂರು ಕಿಲೋಮೀಟರಿಗೂ ಆಚೆ, ಕಾಡು ದಾಟಿ, ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಹೋಗಬೇಕು. ಹೀಗಾಗಿ ನೆಂಟಸ್ತಿಕೆ, ಆಸ್ಪತ್ರೆ, ಸಂತೆ, ಸಿನಿಮಾ ಚಾಮರಾಜನಗರ, ಮೈಸೂರಿನ ಕಡೆಗೆ. ಪಟ್ಟಾ, ರೇಷನ್ ಕಾರ್ಡು, ಸಹಾಯಧನ ಸತ್ಯಮಂಗಲ, ಈರೋಡಿನ ಕಡೆಗೆ. ನಮ್ಮ ಆಲೂಗೆಡ್ಡೆ, ಎಲೆಕೋಸು, ಬೀಟ್‌ರೂಟ್, ಬೆಳ್ಳುಳ್ಳಿ, ಅರಿಶಿನ ಎರಡೂ ಕಡೆಯ ಮಾರುಕಟ್ಟೆಯನ್ನು ನಂಬಿವೆ.

ಕೊರೊನಾ ಬಂದಾಗ ಈ ಎರಡು ದಾರಿಗಳ ಬದುಕು ಎಷ್ಟು ನಾಜೂಕಿನದು ಎಂದು ಗೊತ್ತಾಯಿತು. 2020ರ ಮಾರ್ಚ್ 22ರಂದು ಕೇಂದ್ರ ಸರ್ಕಾರ ಮೊದಲ ಸುತ್ತಿನಲ್ಲಿ ನಿರ್ಬಂಧ ಹೇರಲು ಗುರುತಿಸಿದ 75 ಜಿಲ್ಲೆಗಳಲ್ಲಿ ಈರೋಡು ಒಂದಾಗಿತ್ತು. ಅದೇ ಹೊತ್ತಿಗೆ ಚಾಮರಾಜನಗರ ಜಿಲ್ಲೆಯಲ್ಲಿ ಜೂನ್ ತಿಂಗಳವರೆಗೆ ಒಂದೂ ಪ್ರಕರಣ ಇರಲಿಲ್ಲ. ಸೋಂಕಿಲ್ಲದ ಜಿಲ್ಲೆ ತನ್ನ ಗಡಿಯನ್ನು ಬಿಗಿಯಾಗಿ ಕಾಯ್ದದ್ದು ಸಹಜವೇ. ಆದರೆ ಚೆಕ್‌ಪೋಸ್ಟಿನ ಕಣ್ಣಿಗೆ ತಾಳವಾಡಿಯವರೆಂದರೆ ನೂರು ಕಿಲೋಮೀಟರ್ ಕೆಳಗಿರುವ ಈರೋಡಿನವರು. ನೆಲ ಒಂದು, ಲೆಕ್ಕ ಇನ್ನೊಂದು. ಕಾಸರಗೋಡಿನ ಬಂಧುಗಳಿಗೆ ತಲಪಾಡಿಯ ಅನುಭವ ಇದಕ್ಕಿಂತ ಕಹಿಯಾಗಿತ್ತು. ಮಂಗಳೂರಿನ ಆಸ್ಪತ್ರೆಗೆ ಹೋಗಬೇಕಾದ ರೋಗಿಗಳಿಗೆ ದಾರಿ ಬಿಡಬೇಕೆಂಬ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಕೈಯಲ್ಲಿ ಎರಡು ವಾರದ ಹಣ

ಸಂಶೋಧಕರು ಮೊದಲು ಕೇಳಿದ್ದು ತೀರಾ ಸರಳವಾದ ಪ್ರಶ್ನೆ: ಸಣ್ಣ ಉದ್ಯಮ ಎಷ್ಟು ದಿನ ತಡೆದುಕೊಳ್ಳಬಲ್ಲದು? 2020ರ ಮಾರ್ಚ್ ಕೊನೆ ಮತ್ತು ಏಪ್ರಿಲ್ ಆರಂಭದಲ್ಲಿ ಅಮೆರಿಕದ ಕೆಲವು ಅರ್ಥಶಾಸ್ತ್ರಜ್ಞರು ಅಲ್ಲಿನ 5,800ಕ್ಕೂ ಹೆಚ್ಚು ಸಣ್ಣ ಉದ್ಯಮಗಳನ್ನು ವಿಚಾರಿಸಿದರು. ಅವುಗಳಲ್ಲಿ ಶೇ 43ರಷ್ಟು ಆಗಲೇ ತಾತ್ಕಾಲಿಕವಾಗಿ ಮುಚ್ಚಿದ್ದವು. ತಿಂಗಳ ಖರ್ಚು 10,000 ಡಾಲರ್ ದಾಟುವ ಉದ್ಯಮಗಳನ್ನು ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ನಡುವೆ ಬರುವ ಉದ್ಯಮದ ಕೈಯಲ್ಲಿ ಇದ್ದದ್ದು ಸುಮಾರು ಎರಡು ವಾರಕ್ಕೆ ಸಾಲುವ ಹಣ ಮಾತ್ರ. ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಎರಡೇ ತಿಂಗಳಲ್ಲಿ ಅಲ್ಲಿ ವ್ಯವಹಾರ ನಡೆಸುತ್ತಿದ್ದ ಮಾಲೀಕರ ಸಂಖ್ಯೆ ಶೇ 22ರಷ್ಟು ಇಳಿಯಿತು ಎಂದು ರಾಬರ್ಟ್ ಫೇರ್ಲಿ ಎಂಬ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದರು.

ಆಮೇಲೆ ನಡೆದದ್ದು ಯಾರೂ ನಿರೀಕ್ಷಿಸದ ಸಂಗತಿ. ಅದೇ ದೇಶದಲ್ಲಿ ಹೊಸ ಉದ್ಯಮ ಆರಂಭಿಸುವ ಅರ್ಜಿಗಳು 2019ರಲ್ಲಿ ಸುಮಾರು 35 ಲಕ್ಷ ಇದ್ದದ್ದು 2021ರಲ್ಲಿ ಸುಮಾರು 54 ಲಕ್ಷಕ್ಕೆ ಏರಿದವು. ಹಿಂದಿನ ಆರ್ಥಿಕ ಕುಸಿತಗಳಲ್ಲಿ ಅರ್ಜಿಗಳು ಕಡಿಮೆಯಾಗಿದ್ದವು. ಈ ಸಲ ಏರಿದವು. ಮುಚ್ಚಿದ ಅಂಗಡಿಗಳ ಪಕ್ಕದಲ್ಲೇ ಹೊಸ ಅಂಗಡಿಗಳು ಏಕೆ ಏಳುತ್ತಿವೆ ಎಂಬುದು ಸಂಶೋಧಕರ ಮುಂದಿನ ಕುತೂಹಲವಾಯಿತು.

ಉದ್ಯಮವೋ, ಅನಿವಾರ್ಯವೋ?

ನಮ್ಮ ದೇಶದ ಚಿತ್ರ ಬೇರೆ. ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆಯ ಪ್ರಕಾರ 2018-19ರಲ್ಲಿ ದುಡಿಯುವವರಲ್ಲಿ ಶೇ 42.5ರಷ್ಟು ಜನ ಕೃಷಿಯಲ್ಲಿದ್ದರು. 2020-21ರಲ್ಲಿ ಅದು ಶೇ 46.5ಕ್ಕೆ ಏರಿತು. ಪೇಟೆ ಕೈಬಿಟ್ಟಾಗ ಜನ ಊರಿಗೆ, ಹೊಲಕ್ಕೆ ಮರಳಿದರು. ಮಹಾಮಾರಿ ಮುಗಿದ ಮೇಲೂ ಅವರೆಲ್ಲ ಹಿಂತಿರುಗಲಿಲ್ಲ; 2023-24ರಲ್ಲಿಯೂ ಆ ಪ್ರಮಾಣ ಶೇ 46.1 ಇತ್ತು. ಸ್ವಂತ ಉದ್ಯೋಗ ಮಾಡುವವರು 2018-19ರಲ್ಲಿ ಶೇ 52.1 ಇದ್ದವರು 2020-21ರಲ್ಲಿ ಶೇ 55.6 ಆದರು, 2023-24ರಲ್ಲಿ ಶೇ 58.4 ಆದರು.

ಈ ಅಂಕಿ ನೋಡಿ ದೇಶದ ತುಂಬ ಉದ್ಯಮಿಗಳು ಹುಟ್ಟಿಕೊಂಡರು ಎಂದು ಹೇಳಬಹುದೇ? ಅವಸರ ಬೇಡ. ಈ ಸ್ವಂತ ಉದ್ಯೋಗಿಗಳ ಲೆಕ್ಕದಲ್ಲಿ ಮನೆಯ ಅಂಗಡಿ, ಹೊಲ, ಕೊಟ್ಟಿಗೆಯಲ್ಲಿ ಸಂಬಳವಿಲ್ಲದೆ ದುಡಿಯುವವರೂ ಸೇರಿದ್ದಾರೆ. ಅವರ ಪ್ರಮಾಣವೇ 2018-19ರ ಶೇ 13.3ರಿಂದ 2020-21ರಲ್ಲಿ ಶೇ 17.3ಕ್ಕೆ ಏರಿತು. ಅಣ್ಣನ ಅಂಗಡಿಯಲ್ಲಿ ಕೂತ ತಮ್ಮ, ಅತ್ತೆಯೊಂದಿಗೆ ಹಸು ನೋಡಿಕೊಳ್ಳುವ ಸೊಸೆ, ಬೆಂಗಳೂರಿನ ಕೆಲಸ ಬಿಟ್ಟು ಬಂದು ಅಪ್ಪನ ಹೊಲದಲ್ಲಿ ನೀರು ಕಟ್ಟುವ ಮಗ, ಎಲ್ಲರೂ ಈ ಲೆಕ್ಕದಲ್ಲಿದ್ದಾರೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರಲ್ಲಿ ಹೊರತಂದ ವರದಿ ಇದನ್ನೇ ಇನ್ನೊಂದು ಬದಿಯಿಂದ ತೋರಿಸಿತು: 2019ರ ಕೊನೆಯಿಂದ 2020ರ ಕೊನೆಯೊಳಗೆ ಭದ್ರ ಸಂಬಳದ ಕೆಲಸದಲ್ಲಿದ್ದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಭದ್ರತೆಯಿಲ್ಲದ ಕೆಲಸಗಳಿಗೆ ಸರಿದಿದ್ದರು; ಅವರಲ್ಲಿ ಹೆಚ್ಚಿನವರು ಹಿಡಿದದ್ದು ಸ್ವಂತ ಉದ್ಯೋಗವನ್ನೇ.

ಉದ್ಯಮ ಸಂಶೋಧನೆಯಲ್ಲಿ ಇದಕ್ಕೊಂದು ಹಳೆಯ ವಿಂಗಡಣೆ ಇದೆ. ಅವಕಾಶ ಕಂಡು ಆರಂಭಿಸಿದ ಉದ್ಯಮ ಒಂದು ಬಗೆ. ಬೇರೆ ದಾರಿ ಇಲ್ಲದೆ ಆರಂಭಿಸಿದ್ದು ಇನ್ನೊಂದು ಬಗೆ. ಕೊರೊನಾ ನಂತರ ಈ ಗೆರೆ ಮಸುಕಾಯಿತು. ಅನಿವಾರ್ಯದಿಂದ ಆರಂಭಿಸಿದವರು ಕೆಲವರು ನಿಜವಾದ ಅವಕಾಶವನ್ನು ಕಂಡುಕೊಂಡರು. ಇನ್ನು ಕೆಲವರು ಪೇಟೆ ಮತ್ತೆ ತೆರೆದೊಡನೆ ಬಾಗಿಲು ಹಾಕಿ ಬಸ್ಸು ಹತ್ತಿದರು. ಇವರಿಬ್ಬರ ನಡುವೆ ವ್ಯತ್ಯಾಸ ತಂದದ್ದು ಏನು?

ಕೈಗೆ ಸಿಕ್ಕಿದ್ದರಲ್ಲಿ ಕೆಲಸ

ಇಲ್ಲಿ ಒಂದು ಪರಿಕಲ್ಪನೆಯನ್ನು ಪರಿಚಯ ಮಾಡಿಕೊಡಬೇಕು. ಫ್ರಾನ್ಸಿನ ಮಾನವಶಾಸ್ತ್ರಜ್ಞ ಲೆವಿ ಸ್ಟ್ರಾಸ್ 1962ರಲ್ಲಿ ಬ್ರಿಕೊಲಾಜ್ ಎಂಬ ಪದವನ್ನು ಶಾಸ್ತ್ರಕ್ಕೆ ತಂದರು. ಹೊಸ ಸಾಮಾನು ತರಿಸದೆ, ಮನೆಯಲ್ಲಿ ಇದ್ದ ಹಳೆಯದನ್ನೇ ಕೂಡಿಸಿ, ಕಟ್ಟಿ, ತಿರುಗಿಸಿ ಕೆಲಸ ಸಾಗಿಸುವ ಗುಣ ಎಂದು ಅದರ ಅರ್ಥ. ನಮ್ಮ ಹಳ್ಳಿಯವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಹಳೆಯ ಸೀರೆ ಸಸಿಮಡಿಗೆ ನೆರಳಾಗುತ್ತದೆ; ತೂತಾದ ಕೊಡ ಹೂಕುಂಡವಾಗುತ್ತದೆ; ಖಾಲಿ ಡಬ್ಬ ಹೊಲದಲ್ಲಿ ಹಂದಿ ಓಡಿಸುವ ಗಂಟೆಯಾಗುತ್ತದೆ.

ಟೆಡ್ ಬೇಕರ್ ಮತ್ತು ರೀಡ್ ನೆಲ್ಸನ್ ಎಂಬ ಇಬ್ಬರು ಸಂಶೋಧಕರು ಹಣಕಾಸಿನ ಕೊರತೆಯಿದ್ದ 29 ಸಣ್ಣ ಸಂಸ್ಥೆಗಳನ್ನು ಹತ್ತಿರದಿಂದ ನೋಡಿ 2005ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಏನೂ ಇಲ್ಲದ ಕಡೆ ಏನನ್ನೋ ಮಾಡಿ ತೋರಿಸುವ ಈ ಗುಣ ಸಣ್ಣ ಉದ್ಯಮಗಳ ದೊಡ್ಡ ಬಂಡವಾಳ ಎಂದು ಅವರು ಹೇಳಿದರು. ಕೊರೊನಾ ನಂತರ ಈ ಪ್ರಬಂಧವನ್ನು ಸಂಶೋಧಕರು ಮತ್ತೆ ಮತ್ತೆ ತೆರೆದು ನೋಡಿದ್ದಾರೆ. ಆದರೆ ಅದರಲ್ಲೊಂದು ಎಚ್ಚರಿಕೆಯೂ ಇದೆ. ಎಲ್ಲ ಕೆಲಸವನ್ನೂ, ಎಲ್ಲ ಕಾಲಕ್ಕೂ, ಹೀಗೇ ತೇಪೆ ಹಾಕಿ ಸಾಗಿಸಿದವರು ಇದ್ದಲ್ಲೇ ಉಳಿದರು. ಕೆಲವು ಕೆಲಸಗಳಲ್ಲಿ ಮಾತ್ರ ತೇಪೆ ಹಾಕಿ, ಉಳಿದವನ್ನು ಕ್ರಮಬದ್ಧ ಮಾಡಿಕೊಂಡವರು ಬೆಳೆದರು.

2020ರಲ್ಲಿ ಜರ್ಮನಿಯ ಆಂಡ್ರಿಯಾಸ್ ಕುಕರ್ಟ್ಸ್ ಮತ್ತು ಅವರ ಸಂಗಡಿಗರು ಅಲ್ಲಿನ ನವೋದ್ಯಮಗಳ ಬಗ್ಗೆ ಅವಸರದಲ್ಲೇ ಒಂದು ಅಧ್ಯಯನ ಮಾಡಿದರು. ಅವರ ತೀರ್ಮಾನವೂ ಇದಕ್ಕೆ ಹತ್ತಿರವೇ ಇತ್ತು: ಹೊಸ ಉದ್ಯಮಗಳು ಕೈಯಲ್ಲಿದ್ದ ಸಂಪನ್ಮೂಲವನ್ನೇ ಬಳಸಿ ಮೊದಲ ಪೆಟ್ಟನ್ನು ಚೆನ್ನಾಗಿ ತಡೆದುಕೊಂಡವು, ಆದರೆ ಅವುಗಳ ಮುಂದಿನ ಬೆಳವಣಿಗೆ ಮತ್ತು ಹೊಸತನವೇ ಅಪಾಯದಲ್ಲಿದೆ.

ಈಗ ನಮ್ಮ ಎಲೆಕೋಸಿಗೆ ಬನ್ನಿ. ಕೈಯಲ್ಲಿದ್ದ ಮೊಬೈಲು, ಅಂಗೈಯಲ್ಲಿದ್ದ ಇಂಟರ್ನೆಟ್, ಬಾಯಲ್ಲಿದ್ದ ಮಾತು, ಇಷ್ಟನ್ನೇ ಬಳಸಿ ಬೆಳೆ ಮಾರಿದ್ದು ಅಪ್ಪಟ ಬ್ರಿಕೊಲಾಜ್. ಮೊದಲ ಪೆಟ್ಟನ್ನು ಅದು ತಡೆಯಿತು. ಆದರೆ ಪ್ರತಿ ಫಸಲಿಗೂ ಒಂದೊಂದು ವಿಡಿಯೊ ಹಾಕಿ, ಪ್ರತಿ ಸಲವೂ ಯಾರೋ ಪುಣ್ಯಾತ್ಮರು ಕೊಂಡಾರು ಎಂದು ಕಾಯಲು ಆಗುವುದಿಲ್ಲ.

ಹಾಸಿಗೆ ಇದ್ದಷ್ಟು ಕಾಲು

ಇನ್ನೊಂದು ವಿಚಾರ ಭಾರತ ಮೂಲದ ವಿದುಷಿ ಸರಸ್ ಸರಸ್ವತಿ ಅವರದು. ಅನುಭವಿ ಉದ್ಯಮಿಗಳು ಹೇಗೆ ಯೋಚಿಸುತ್ತಾರೆ ಎಂದು ಅಧ್ಯಯನ ಮಾಡಿ ಅವರು 2001ರಲ್ಲಿ ಎಫೆಕ್ಚುಯೇಷನ್ ಎಂಬ ಸಿದ್ಧಾಂತವನ್ನು ಮುಂದಿಟ್ಟರು. ಅನುಭವಿಗಳು ಲಾಭ ಎಷ್ಟು ಬಂದೀತು ಎಂಬ ಲೆಕ್ಕದಿಂದ ಹೊರಡುವುದಿಲ್ಲ. ಕೈಸುಟ್ಟುಕೊಂಡರೆ ಎಷ್ಟರವರೆಗೆ ತಡೆದುಕೊಳ್ಳಬಲ್ಲೆ ಎಂಬ ಲೆಕ್ಕದಿಂದ ಹೊರಡುತ್ತಾರೆ. ನಾನು ಯಾರು, ನನಗೇನು ಗೊತ್ತು, ನನಗೆ ಯಾರು ಗೊತ್ತು ಎಂಬ ಮೂರು ಪ್ರಶ್ನೆ ಅವರ ಬಂಡವಾಳ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಮ್ಮ ಅಜ್ಜಿಯರು ಹೇಳಿದ ಮಾತಿಗೂ ಇದಕ್ಕೂ ಹೆಚ್ಚು ದೂರವಿಲ್ಲ. ನಾಳೆ ಏನಾಗುತ್ತದೆ ಎಂದು ಯಾರಿಗೂ ತಿಳಿಯದ ಮಹಾಮಾರಿಯ ಕಾಲಕ್ಕೆ ಈ ವಿಚಾರ ಸರಿಯಾಗಿ ಹೊಂದಿತು.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಬೆಂಗಳೂರಿನ ಕೆಲಸ ಹೋಗಿ ಊರಿಗೆ ಮರಳಿದ ಒಬ್ಬ ಯುವತಿ. ಕೈಯಲ್ಲಿ ಎರಡು ಲಕ್ಷ ಉಳಿತಾಯ. ಮನೆಯಲ್ಲಿ ಅರಿಶಿನ ಬೆಳೆಯುತ್ತಾರೆ. ಹತ್ತು ಲಕ್ಷ ಸಾಲ ಮಾಡಿ ಪುಡಿ ಮಾಡುವ ಯಂತ್ರ ತರಬೇಕೆಂದು ಒಂದು ಮನಸ್ಸು. ಸರಸ್ವತಿ ಅವರ ದಾರಿಯಲ್ಲಿ ಯೋಚಿಸಿದರೆ ಅವಳು ಮೊದಲು ಮೂವತ್ತು ಸಾವಿರ ಮಾತ್ರ ತೆಗೆದಿಡುತ್ತಾಳೆ. ಹೋದರೂ ಮನೆ ಮುಳುಗದ ಹಣ ಅದು. ಇದ್ದ ಮಿಲ್ಲಿನಲ್ಲೇ ಬೀಸಿಸಿ, ಬೆಂಗಳೂರಿನ ಹಳೆಯ ಸಹೋದ್ಯೋಗಿಗಳಿಗೆ ಕಳಿಸುತ್ತಾಳೆ. ಮತ್ತೆ ಕೇಳಿದವರು ಎಷ್ಟು ಮಂದಿ ಎಂದು ಬರೆದಿಡುತ್ತಾಳೆ. ಯಂತ್ರದ ಮಾತು ಆ ಪಟ್ಟಿ ಉದ್ದವಾದ ಮೇಲೆ.

ಮೊಬೈಲು ತೆರೆದ ಬಾಗಿಲು, ಮತ್ತು ಹೊಸ್ತಿಲು

ಕೊರೊನಾ ನಂತರದ ಸಂಶೋಧನೆಯಲ್ಲಿ ಡಿಜಿಟಲ್ ವ್ಯವಹಾರದಷ್ಟು ಚರ್ಚೆಯಾದ ವಿಷಯ ಇನ್ನೊಂದಿಲ್ಲ. ಯುಪಿಐ ಮೂಲಕ 2020ರ ಮಾರ್ಚ್ ತಿಂಗಳಲ್ಲಿ ಸುಮಾರು 125 ಕೋಟಿ ಪಾವತಿಗಳು ನಡೆದಿದ್ದವು. 2023ರ ಆಗಸ್ಟ್ ತಿಂಗಳಲ್ಲಿ ಅದು 1,000 ಕೋಟಿ ದಾಟಿತು. ಗಡಿಯವರಿಗೆ ಇದರ ಬೆಲೆ ಹೆಚ್ಚು. ಮೈಸೂರಿನ ವ್ಯಾಪಾರಿ ಕೊಡುವ ಹಣ ತಾಳವಾಡಿಯ ಖಾತೆಗೆ ಕ್ಷಣದಲ್ಲಿ ಬೀಳುತ್ತದೆ. ಹಣಕ್ಕೆ ಚೆಕ್‌ಪೋಸ್ಟ್ ಇಲ್ಲ. 2020ರ ಜುಲೈ 1ರಿಂದ ಬಂದ ಉದ್ಯಮ್ ನೋಂದಣಿಯೂ ಹಾಗೆಯೇ. ಆಧಾರ್ ಮತ್ತು ಪ್ಯಾನ್ ಇದ್ದರೆ ಶುಲ್ಕವಿಲ್ಲದೆ, ಕುಳಿತಲ್ಲೇ ಆಗುತ್ತದೆ.

ಆದರೆ ಬಾಗಿಲು ತೆರೆದರೂ ಹೊಸ್ತಿಲು ಎತ್ತರವೇ ಇದೆ. ಕಾಡಂಚಿನ ಹಾಡಿಗಳಲ್ಲಿ ಸಿಗ್ನಲ್ ಹುಡುಕಬೇಕು. ಅದಕ್ಕಿಂತ ದೊಡ್ಡದು ಭಾಷೆಯ ಹೊಸ್ತಿಲು. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಹೆಣ್ಣುಮಗಳಿಗೆ ಯೋಜನೆಯ ಕೈಪಿಡಿ ಸಿಗುವುದು ತಮಿಳಿನಲ್ಲಿ ಅಥವಾ ಇಂಗ್ಲಿಷಿನಲ್ಲಿ. ಪಕ್ಕದ ಚಾಮರಾಜನಗರದ ಕಚೇರಿಯಲ್ಲಿ ಕನ್ನಡದ ಕೈಪಿಡಿ ಇರುತ್ತದೆ, ಆದರೆ ಆ ಯೋಜನೆ ಅವಳ ವಿಳಾಸಕ್ಕೆ ಅನ್ವಯಿಸುವುದಿಲ್ಲ. ತನ್ನ ಭಾಷೆಯ ಕಾಗದ ತನಗೆ ಸಲ್ಲದು, ತನಗೆ ಸಲ್ಲುವ ಕಾಗದ ತನ್ನ ಭಾಷೆಯಲ್ಲಿಲ್ಲ. ಅರ್ಜಿಯ ಕೊನೆಯ ದಿನ ಕಳೆದುಹೋಗುವುದು ಸೋಮಾರಿತನದಿಂದಲ್ಲ, ಎಷ್ಟೋ ಸಲ ಇದೇ ಕಾರಣದಿಂದ.

ಉಪಾಯ ಸಂಸ್ಥೆಯಾದ ಕಥೆ

ಹಾಗಾದರೆ ಉಪಾಯ ಉಳಿಯುವುದು ಹೇಗೆ? ಇದಕ್ಕೆ ಉತ್ತರ ಹುಡುಕಲು ಜರ್ಮನಿಗೆ ಹೋಗಬೇಕಿಲ್ಲ. ಕಾಸರಗೋಡಿನ ಸದಸ್ಯರಿಗೆ ಅದು ಮನೆಯ ಕಥೆ. 1970ರ ದಶಕದ ಆರಂಭದಲ್ಲಿ ಅಡಿಕೆ ಬೆಲೆ ನೆಲಕಚ್ಚಿತು. ಅಡಿಕೆ ಕರ್ನಾಟಕದಲ್ಲೂ ಬೆಳೆಯುತ್ತದೆ, ಗಡಿಯಾಚೆ ಕೇರಳದ ಕಾಸರಗೋಡಿನಲ್ಲೂ ಬೆಳೆಯುತ್ತದೆ. ವ್ಯಾಪಾರಿ ಒಬ್ಬನೇ, ಸಂಕಟವೂ ಒಂದೇ. ಆಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತನದಲ್ಲಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಎರಡೂ ರಾಜ್ಯಗಳ ಬೆಳೆಗಾರರು ಸದಸ್ಯರಾಗಿರುವ ಸಹಕಾರಿ ಸಂಸ್ಥೆ ಅದು.

ಕೆಲವೇ ವರ್ಷಗಳಲ್ಲಿ ಅಡಿಕೆ ತೋಟದ ನಡುವೆ ಬೆಳೆದ ಕೊಕ್ಕೊಗೆ ಅದೇ ಗತಿ ಬಂತು. ಬೆಲೆ ಬಿತ್ತು, ಕೊಳ್ಳುವವರು ಹಿಂದೆ ಸರಿದರು. ಕ್ಯಾಂಪ್ಕೊ ಕೊಕ್ಕೊ ಕೊಳ್ಳಲು ಮುಂದಾಯಿತು. ಕೊಂಡ ಕೊಕ್ಕೊವನ್ನು ಮಾರುವ ದಾರಿ ಹುಡುಕುತ್ತ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿತು. ಇಲ್ಲಿ ಗಮನಿಸಬೇಕಾದ್ದು ಚಾಕೊಲೇಟ್ ಅಲ್ಲ. ಮೊದಲ ಸಂಕಟಕ್ಕೆ ಕಟ್ಟಿದ ಸಂಸ್ಥೆ ಎರಡನೆಯ ಸಂಕಟ ಬಂದಾಗ ಸಿದ್ಧವಾಗಿ ನಿಂತಿತ್ತು. ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಗತಿ ಬರಲಿಲ್ಲ. ಸಂಶೋಧಕರು ಇಂದು ತಾಳಿಕೆ ಎಂದು ದೊಡ್ಡ ಹೆಸರಿಟ್ಟು ಬರೆಯುವುದು ಇದನ್ನೇ.

ತಾಳವಾಡಿಗೂ ಎರಡನೆಯ ಸಂಕಟ ಬರಲು ತಡವಾಗಲಿಲ್ಲ. ಲಾಕ್‌ಡೌನ್ ನೆನಪು ಮಾಸುವ ಮೊದಲೇ, ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರುವರಿ 10ರಿಂದ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ರಸ್ತೆಯಲ್ಲಿ ಪ್ರಾಣಿಗಳು ವಾಹನಕ್ಕೆ ಸಿಕ್ಕಿ ಸಾಯುತ್ತಿದ್ದವು. ಆ ಕಾಳಜಿ ನ್ಯಾಯವಾದದ್ದೇ. ಆದರೆ ಸಂಜೆ ಲೋಡ್ ಮಾಡಿ ಬೆಳಗಿನ ಮಾರುಕಟ್ಟೆಗೆ ತಲುಪಿಸುವ ತರಕಾರಿಯ ಲೆಕ್ಕಾಚಾರವೇ ತಲೆಕೆಳಗಾಯಿತು. ಜನ ಬೀದಿಗಿಳಿದು ಪ್ರತಿಭಟಿಸಿದರು. ಆಮೇಲೆ ಸ್ಥಳೀಯರಿಗೆ ಕೆಲವು ವಿನಾಯಿತಿಗಳು ಬಂದವು. ಕಾರಣ ಬೇರೆಯಾದರೂ ಪಾಠ ಹಳೆಯದೇ: ಒಂದೇ ದಾರಿ, ಒಂದೇ ಮಂಡಿ, ಒಬ್ಬನೇ ಗಿರಾಕಿಯನ್ನು ನಂಬಿದ ಉದ್ಯಮ ಆ ದಾರಿ ಮುಚ್ಚಿದ ದಿನ ನಿಲ್ಲುತ್ತದೆ.

ನಮ್ಮ ಮುಂದಿರುವ ದಾರಿಗಳು

ಕಾನೂನಿನಲ್ಲಿ ಗಡಿಯವರಿಗೂ ಒಪ್ಪುವ ದಾರಿಗಳಿವೆ. ಮೂರನ್ನು ಇಲ್ಲಿ ಹೇಳುತ್ತೇನೆ.

ಒಂದು, ರೈತ ಉತ್ಪಾದಕರ ಸಂಸ್ಥೆ. 10,000 ಸಂಸ್ಥೆಗಳನ್ನು ಕಟ್ಟುವ ಕೇಂದ್ರ ಯೋಜನೆ ಆರಂಭವಾದದ್ದು ಕೊರೊನಾದ ಹೊಸ್ತಿಲಲ್ಲಿ, 2020ರ ಫೆಬ್ರುವರಿ 29ರಂದು. ಬಯಲು ಪ್ರದೇಶದಲ್ಲಿ ಕನಿಷ್ಠ 300, ಗುಡ್ಡಗಾಡಿನಲ್ಲಿ ಕನಿಷ್ಠ 100 ರೈತರು ಸದಸ್ಯರಾಗಿರಬೇಕು ಎಂಬುದು ಅದರ ನಿಯಮ. ಮೂರು ವರ್ಷ ಆಡಳಿತ ವೆಚ್ಚಕ್ಕೆ 18 ಲಕ್ಷ ರೂಪಾಯಿವರೆಗೆ ನೆರವು, ಷೇರು ಬಂಡವಾಳಕ್ಕೆ ಪ್ರತಿ ಸದಸ್ಯನ ಲೆಕ್ಕದಲ್ಲಿ 2,000 ರೂಪಾಯಿವರೆಗೆ ಅನುದಾನ ಇದರಲ್ಲಿ ಸೇರಿವೆ.

ಎರಡು, ಗಡಿ ದಾಟುವ ಸಂಸ್ಥೆ. ಬಹುರಾಜ್ಯ ಸಹಕಾರ ಸಂಘಗಳ 2002ರ ಕಾಯ್ದೆಯ ಪ್ರಕಾರ ಸಂಬಂಧಪಟ್ಟ ಪ್ರತಿ ರಾಜ್ಯದಿಂದ ಕನಿಷ್ಠ 50 ವ್ಯಕ್ತಿಗಳು ಸೇರಿದರೆ ಒಂದು ಸಂಘ ನೋಂದಾಯಿಸಬಹುದು. ತಾಳವಾಡಿ ಕಡೆಯ 50 ಜನ, ಚಾಮರಾಜನಗರ ಕಡೆಯ 50 ಜನ. ಬೇಲಿಯ ಈಚೆಗೂ ಆಚೆಗೂ ನೆಂಟರಿರುವ ನಮಗೆ ಇದು ದೊಡ್ಡ ಸಂಖ್ಯೆಯಲ್ಲ. ಇನ್ನೂ ಚಿಕ್ಕದಾಗಿ ಆರಂಭಿಸುವುದಾದರೆ ಕಂಪನಿ ಕಾಯ್ದೆಯಡಿ ಹತ್ತು ಮಂದಿ ಬೆಳೆಗಾರರು ಸೇರಿ ಉತ್ಪಾದಕರ ಕಂಪನಿ ಮಾಡಬಹುದು.

ಮೂರು, ಕಿರು ಆಹಾರ ಸಂಸ್ಕರಣಾ ಘಟಕ. ಇದಕ್ಕಾಗಿ 2020ರ ಜೂನ್ 29ರಂದು ಆರಂಭವಾದ ಪ್ರಧಾನಮಂತ್ರಿ ಯೋಜನೆಯಲ್ಲಿ ಯೋಜನಾ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ, ಸಾಲಕ್ಕೆ ಜೋಡಿಸಿದ ಸಹಾಯಧನವಿದೆ. ಅದರಲ್ಲಿ ಜಿಲ್ಲೆಗೊಂದು ಉತ್ಪನ್ನವನ್ನು ಆರಿಸಿದ್ದಾರೆ. ಈರೋಡಿಗೆ ಆರಿಸಿದ್ದು ಅರಿಶಿನ. ಚಾಮರಾಜನಗರಕ್ಕೆ ಆರಿಸಿದ್ದೂ ಅರಿಶಿನ. ಎರಡು ಸರ್ಕಾರಗಳು ಬೇರೆ ಬೇರೆ ಕೂತು ಆರಿಸಿದರೂ ಮಣ್ಣು ಒಂದೇ ಉತ್ತರ ಕೊಟ್ಟಿದೆ. ಗಡಿಯ ಎರಡೂ ಕಡೆಯ ಬೆಳೆಗಾರರು ಒಬ್ಬರಿಂದೊಬ್ಬರು ಕಲಿಯಲು ಇದಕ್ಕಿಂತ ಒಳ್ಳೆಯ ನೆಪ ಬೇಕೇ? ಅರ್ಜಿ ಹಾಕುವ ಮೊದಲು ಯೋಜನೆಯ ಈಗಿನ ಅವಧಿ ಮತ್ತು ನಿಯಮಗಳನ್ನು ಸಂಬಂಧಪಟ್ಟ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಿ.

ಸಂಘ ಕಟ್ಟಿದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಎಂದು ಹೇಳುತ್ತಿಲ್ಲ. ಸಭೆ ಸೇರದೆ, ಲೆಕ್ಕ ಬರೆಯದೆ ಹೆಸರಿಗಷ್ಟೇ ಉಳಿದ ಸಂಘಗಳನ್ನು ನಾವೆಲ್ಲ ನೋಡಿದ್ದೇವೆ. ಅಮೆರಿಕದ ಆ ಎರಡು ವಾರದ ಹಣದ ಲೆಕ್ಕ ನೆನಪಿರಲಿ. ಸಂಘವಾಗಲಿ, ಮನೆಯ ಅಂಗಡಿಯಾಗಲಿ, ವ್ಯಾಪಾರ ನಿಂತರೆ ಎಷ್ಟು ದಿನ ನಡೆಸಬಲ್ಲೆವು ಎಂದು ಇಂದೇ ಲೆಕ್ಕ ಹಾಕಿ. ಉತ್ತರ ಎರಡು ವಾರಕ್ಕಿಂತ ಕಡಿಮೆ ಇದ್ದರೆ ಮೊದಲು ಆಗಬೇಕಾದ ಕೆಲಸ ಹೊಸ ಯಂತ್ರವಲ್ಲ, ಸಣ್ಣದೊಂದು ಆಪತ್ತಿನ ನಿಧಿ.

ಜೇನುನೊಣದ ಪಾಠ

ಕೊನೆಯದಾಗಿ ಒಂದು ಮಾತು. ಸಮೀಕ್ಷೆಗಳು ರಾಜ್ಯದ ಲೆಕ್ಕದಲ್ಲಿ ಬರುತ್ತವೆ. ತಮಿಳುನಾಡಿನ ಅಂಕಿಯಲ್ಲಿ ತಾಳವಾಡಿ ಒಂದು ಚುಕ್ಕಿ. ಕರ್ನಾಟಕದ ಅಂಕಿಯಲ್ಲಿ ಅದು ಇಲ್ಲವೇ ಇಲ್ಲ. ಗಡಿಯ ಬದುಕಿನ ಉಪಾಯಗಳನ್ನು ನಾವು ಬರೆದಿಡದಿದ್ದರೆ ಬೇರೆ ಯಾರು ಬರೆದಿಡುತ್ತಾರೆ?

ಅಹಮದಾಬಾದಿನ ಪ್ರಾಧ್ಯಾಪಕ ಅನಿಲ್ ಗುಪ್ತ ಅವರು 1980ರ ದಶಕದ ಕೊನೆಯಲ್ಲಿ ಹನಿಬೀ ನೆಟ್‌ವರ್ಕ್, ಅಂದರೆ ಜೇನುನೊಣ ಬಳಗ, ಎಂಬ ಕೆಲಸ ಆರಂಭಿಸಿದರು. ಹಳ್ಳಿಗಳಿಗೆ ನಡೆದುಹೋಗಿ ರೈತರ, ಕುಶಲಕರ್ಮಿಗಳ, ಹೆಂಗಸರ ಹೊಸ ಉಪಾಯಗಳನ್ನು ದಾಖಲಿಸುವುದು ಅದರ ಕೆಲಸ. ಆ ಹೆಸರಿಗೆ ಅವರು ಕೊಡುವ ಕಾರಣ ಸೊಗಸಾಗಿದೆ. ಜೇನುನೊಣ ಮಕರಂದ ತೆಗೆದುಕೊಂಡರೂ ಹೂವು ಬಡವಾಗುವುದಿಲ್ಲ. ಹೂವಿನಿಂದ ಹೂವಿಗೆ ಪರಾಗ ಒಯ್ದು ಉಪಕಾರ ಮಾಡುತ್ತದೆ. ಜನರಿಂದ ಪಡೆದ ತಿಳಿವಳಿಕೆಯೂ ಹಾಗೇ ಇರಬೇಕು, ಕೊಟ್ಟವರ ಹೆಸರಿನಲ್ಲಿ, ಕೊಟ್ಟವರ ಭಾಷೆಯಲ್ಲಿ ಅವರಿಗೇ ಮರಳಬೇಕು ಎಂಬುದು ಅವರ ನಿಯಮ. ಜೇನು ತೆಗೆಯುವ ಸೋಲಿಗರ ನಾಡಿನಲ್ಲಿ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ಸದಸ್ಯರಲ್ಲಿ ಒಂದು ವಿನಂತಿ. 2020 ಮತ್ತು 2021ರಲ್ಲಿ ನಿಮ್ಮ ಮನೆಯಲ್ಲಿ, ಬೀದಿಯಲ್ಲಿ, ಊರಿನಲ್ಲಿ ಹುಟ್ಟಿದ ಒಂದು ಉಪಾಯವನ್ನು ಅರ್ಧ ಪುಟದಲ್ಲಿ ಬರೆದು ಈ ಪತ್ರಿಕೆಗೆ ಕಳುಹಿಸಿ. ತರಕಾರಿ ಮಾರಿದ ಬಗೆ, ಮನೆಯಲ್ಲಿ ಹೊಲಿದ ಮಾಸ್ಕು, ವಾಟ್ಸಾಪ್ ಗುಂಪಿನಲ್ಲಿ ನಡೆದ ಕಿರಾಣಿ ಅಂಗಡಿ, ಏನೇ ಇರಲಿ. ನಾಲ್ಕು ಪ್ರಶ್ನೆಗೆ ಉತ್ತರವಿದ್ದರೆ ಸಾಕು: ಏನು ಮಾಡಿದಿರಿ? ಎಷ್ಟು ಖರ್ಚಾಯಿತು? ಅದು ಇಂದಿಗೂ ನಡೆಯುತ್ತಿದೆಯೇ? ನಿಂತಿದ್ದರೆ ಏಕೆ ನಿಂತಿತು? ಬರೆಯಲು ಬಾರದ ಹಿರಿಯರಿದ್ದರೆ ಅವರ ಮಾತನ್ನು ಕೇಳಿ, ಅವರ ಒಪ್ಪಿಗೆ ಪಡೆದು ಮಕ್ಕಳು ಬರೆಯಲಿ. ನಿಂತುಹೋದ ಉಪಾಯಗಳ ಬಗ್ಗೆ ಬರೆಯಲು ಸಂಕೋಚ ಬೇಡ. ಗೆದ್ದವರ ಕಥೆಗಿಂತ ಅವೇ ಹೆಚ್ಚು ಕಲಿಸುತ್ತವೆ.

ಎಲ್ಲ ಊರುಗಳಿಂದ ಬಂದದ್ದನ್ನು ಕೂಡಿಸಿದರೆ ನಮ್ಮದೇ ಒಂದು ಅಧ್ಯಯನವಾದೀತು. ತಾಳವಾಡಿಯ ಉಪಾಯ ಹೊಸೂರಿಗೆ, ಕಾಸರಗೋಡಿನ ಅನುಭವ ತಾಳವಾಡಿಗೆ ಕನ್ನಡದಲ್ಲೇ ತಲುಪುತ್ತದೆ. ಮುಂದೆ ಯಾವ ಘಾಟಿ ಯಾವ ಕಾರಣಕ್ಕೆ ಮುಚ್ಚುತ್ತದೋ ಗೊತ್ತಿಲ್ಲ. ಮುಚ್ಚಿದ ದಿನ ಯಾರಿಗೆ ಫೋನ್ ಮಾಡಬೇಕು, ಬೆಳೆಯನ್ನು ಯಾವ ಕಡೆಗೆ ತಿರುಗಿಸಬೇಕು ಎಂದು ಮೊದಲೇ ಗೊತ್ತಿದ್ದರೆ ಎಲೆಕೋಸು ಹೊಲದಲ್ಲೇ ಕೊಳೆಯುವುದಿಲ್ಲ.